ಓದುವ ಹುಡುಗಿಗೆ ಗಂಡು

ಜುಲೈ ೨೮, ಸೋಮವಾರ

ಅಕ್ಷಿತಾಳಿಗೆ ಗಂಡು ಗೊತ್ತಾಯಿತು. ಹೈಸ್ಕೂಲಿನಲ್ಲಿರುವಾಗಲೇ ತೀರಿಕೊಂಡ ನನ್ನ ಮಗಳಿಗೆ, ಮೂಡುಬಿದಿರೆ ಕಡೆಯವರ ತೀರಿಕೊಂಡ ಮಗ. ಈ ಆಟಿ ತಿಂಗಳಲ್ಲೇ ಪ್ರೇತ ಮದುವೆ. ಆಮೇಲೆ ಮನೆಗೆ ನೆಮ್ಮದಿಯಂತೆ.

ನೆಮ್ಮದಿಗೆಂದೇ ನೆರೆಮನೆಯ ಸಿಲ್ವಿಯಾ ಬಾಯಿ ಕ್ರೈಸ್ತ ಜೀವನದ ಪುಸ್ತಕವೊಂದನ್ನು ಕೊಟ್ಟಿದ್ದರು. ದುಃಖವನ್ನು ದೇವರ ಕೈಗೆ ಒಪ್ಪಿಸಿ ಎದ್ದು ನಡೆ ಎನ್ನುತ್ತದೆ ಅದು. ಬರೆದವನ ಮಕ್ಕಳೆಲ್ಲ ಬದುಕಿರಬೇಕು. ಅರ್ಧಕ್ಕೇ ಬಿಟ್ಟೆ.

ಅಕ್ಷಿತಾಳಿಗೆ ಡ್ರ್ಯಾಗನ್, ಮಾಂತ್ರಿಕರ ಕಾದಂಬರಿಗಳ ಹುಚ್ಚು. ಅವಳು ಕಾಯುತ್ತಿದ್ದ ಸರಣಿಯೊಂದರ ಕೊನೆಯ ಭಾಗ ಬಂದದ್ದು ಅವಳು ಹೋದ ಮೇಲೆ. ತರಿಸಿ, ಇವತ್ತು ಓದಿ ಮುಗಿಸಿದೆ. ಸತ್ತ ರಾಜಕುಮಾರಿ ಎದ್ದು ಬರುತ್ತಾಳೆ. ಪುಸ್ತಕವನ್ನು ಎಸೆಯಬೇಕೆನಿಸಿತು.

ಸಂಜೆ ಹುಡುಗನ ತಾಯಿ ಬಂದು ಧಾರೆ ಸೀರೆಯ ಬಣ್ಣ ಕೇಳಿದರು. ಆಮೇಲೆ, "ಹುಡುಗಿಗೆ ಏನು ಇಷ್ಟ ಅಕ್ಕ?" ಎಂದರು. ಓದುವುದು ಎಂದೆ.

"ನಮ್ಮ ಶೋಧನ್‌ಗೆ ಪುಸ್ತಕ ಅಂದ್ರೆ ಆಗ್ತಿರ್ಲಿಲ್ಲ. ಕತೆ ಹೇಳಿದ್ರೆ ಮಾತ್ರ ಊಟ ಬಿಟ್ಟು ಕೇಳ್ತಿದ್ದ. ಇವಳು ಹೇಳ್ತಾಳೆ ಬಿಡಿ."

ಒಂದು ಗಳಿಗೆ ನಾನೂ ನಂಬಿದೆ. ಕಣ್ಣ ಮುಂದೆ ಇವಳು ಕೈಯಾಡಿಸುತ್ತ ಕತೆ ಹೇಳುತ್ತಿದ್ದಳು, ಅವನು ಕೂತು ಕೇಳುತ್ತಿದ್ದ.

ಆ ದಪ್ಪ ಕಾದಂಬರಿ ಇನ್ನೂ ಮೇಜಿನ ಮೇಲೆಯೇ ಉಂಟು. ಅವಳಿಗೆ ಕತೆಯ ಕೊನೆ ಗೊತ್ತಿಲ್ಲ. ನನಗೆ ಗೊತ್ತು. ಯಾರ ಹತ್ತಿರ ಹೇಳಿ ಕಳಿಸುವುದು?