ಇಬುಕಿ ಉಟ್ಟ ನಿಲುವಂಗಿ

ಒಗಿಕುಬೊ, ಟೋಕಿಯೊ
ಡಿಸೆಂಬರ್ 18, 2008

ಪ್ರೀತಿಯ ತಮ್ಮ ಶಿಗೆತೊ,

ನೀನು, ಯೊಶಿನೊ, ಮಗಳು ಚಿನಾತ್ಸು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಊರಲ್ಲಿ ಹಿಮ ಕಿಟಕಿಯ ಮಟ್ಟಕ್ಕೆ ಬಂದಿರಬೇಕು. ನೀನು ಕಳಿಸಿದ ಒಣಗಿಸಿದ ಕಾಕಿ ಹಣ್ಣಿನ ಪೆಟ್ಟಿಗೆ ತಲುಪಿ ಹದಿನೈದು ದಿನವಾಯಿತು. ಪ್ರತಿ ವರ್ಷದಂತೆ ಒಳಗೆ ಹಣ್ಣು ಮಾತ್ರ, ಒಂದು ಸಾಲೂ ಇಲ್ಲ. ನಾನೇನು ಕಮ್ಮಿ? ಮೂರು ವರ್ಷದಿಂದ ಹೊಸ ವರ್ಷದ ಕಾರ್ಡನ್ನೂ ಹಾಕಿಲ್ಲ. ಕೆಲಸ ಇತ್ತು ಎಂದು ನೆಪ ಹೇಳಬಹುದು. ಹಣ್ಣು ತಿನ್ನಲು ಬಿಡುವಿದ್ದವನಿಗೆ ಎರಡು ಸಾಲು ಗೀಚಲು ಬಿಡುವಿರಲಿಲ್ಲವೇ ಎಂದು ನೀನು ಕೇಳಿದರೆ ತಪ್ಪಿಲ್ಲ. ಕ್ಷಮಿಸು.

ಆ ಆನಿಮೇಷನ್ ಚಿತ್ರ ಮುಗಿಯಿತು ಕಣೋ. ಅದೇ, ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಶುರು ಮಾಡಿದ್ದು. ಅಣ್ಣ ಗೆನ್‌ಮಾ, ತಮ್ಮ ಇಬುಕಿ. ಒಮ್ಮೆ ಹಿರಿದರೆ ಒಡಹುಟ್ಟಿದವನ ರಕ್ತ ಕುಡಿಯದೆ ಒರೆ ಸೇರದ ಶಾಪದ ಕತ್ತಿ. ಹದಿನೆಂಟು ವರ್ಷ ಅರ್ಧಕ್ಕೇ ನಿಂತಿತ್ತು. ಕಳೆದ ವರ್ಷ ಹೊಸ ನಿರ್ಮಾಪಕರು ಬಂದರು, ಎಂಬತ್ತು ದಾಟಿದ ಕುರಮೋಚಿ ನಿರ್ದೇಶಕರು ಊರುಗೋಲು ಹಿಡಿದು ಮತ್ತೆ ಸ್ಟುಡಿಯೊ ಹತ್ತಿದರು. ನಾನೂ ಬೆಳಕಿನ ಮೇಜಿನ ಮುಂದೆ ಕೂತೆ. ಈಗ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳದೆ ಪೆನ್ಸಿಲ್ ಹಿಡಿಯಲಾಗುವುದಿಲ್ಲ. ಸಾವಿರಾರು ಹಾಳೆ ತಿದ್ದಿದೆ. ಬೇರೆಯವರ ಗೆರೆಯ ಮೇಲೆ ಹಳದಿ ಹಾಳೆ ಇಟ್ಟು ನನ್ನ ಗೆರೆ ಎಳೆದೂ ಎಳೆದೂ ಸಾಕಾಗಿ ಹೋಗಿದೆ ಶಿಗೆತೊ. ಸುಳ್ಳಲ್ಲ, ಬಹಳ ಸುಸ್ತಾಗಿದ್ದೇನೆ.

ಕೊನೆಯ ದೃಶ್ಯದಲ್ಲಿ ಒಂದು ತಮಾಷೆ ನಡೆಯಿತು. ನದಿಯ ದಂಡೆ, ಹಿಮ, ಇಬುಕಿ ಕತ್ತಿ ಹಿಡಿದು ಅಣ್ಣನ ಮುಂದೆ ಬಂದು ನಿಲ್ಲುತ್ತಾನೆ. ನಲವತ್ತು ಹಾಳೆಯ ದೃಶ್ಯ. ಹಾಳೆಗಳನ್ನು ಪರೀಕ್ಷಿಸುವ ಹಯಾಮಿ ನಿನಗೆ ನೆನಪಿರಬೇಕು, ನಿನ್ನನ್ನು ಹಳ್ಳಿ ಗಮಾರ ಎಂದು ರೇಗಿಸುತ್ತಿದ್ದವಳು. ಈಗ ಅವಳಿಗೂ ಕನ್ನಡಕ ಬಂದಿದೆ, ನಾಲಿಗೆ ಮಾತ್ರ ಹಾಗೇ ಇದೆ. ಆ ಹಾಳೆಗಳನ್ನು ತಂದು ನನ್ನ ಮೇಜಿನ ಮೇಲೆ ಹಾಕಿದಳು.

"ಏನ್ ಅಸಾನುಮ-ಸಾನ್, ಇಬುಕಿ ಯಾವಾಗ ತೀರ್ಕೊಂಡ? ನಮಗ್ಯಾರಿಗೂ ಹೇಳ್ಲೇ ಇಲ್ವಲ್ಲ!"

ನೋಡಿದರೆ, ಹೆಣಕ್ಕೆ ಉಡಿಸುವಂತೆ ನಿಲುವಂಗಿಯ ಬಲಗಡೆಯ ಅಂಚು ಮೇಲೆ ಬಂದಿದೆ. ಹಾಳೆಯನ್ನು ತಿರುಗಿಸಿ ಹಿಂಬದಿಯಿಂದ ಪರೀಕ್ಷಿಸುತ್ತಾ ನಿದ್ದೆಗಣ್ಣಲ್ಲಿ ಆ ಬದಿಯ ಮೇಲೇ ಗೆರೆ ಎಳೆದುಬಿಟ್ಟೆ, ಎಡಬಲ ಅದಲುಬದಲಾಯಿತು ಎಂದೆ.

"ಹಾಳೆ ತಿರುಗಿದ್ರೆ ಕತ್ತಿನೂ ಎಡಗೈಗೆ ಹೋಗ್ಬೇಕಿತ್ತಲ್ವಾ? ಅದು ಸರಿಯಾಗೇ ಇದೆ," ಎಂದಳು.

"ಮುದುಕನ ಕಣ್ಣು ಕಣೆ, ಬಿಡು," ಎಂದು ಹಾರಿಸಿದೆ.

ಅಷ್ಟರಲ್ಲಿ ನಿರ್ದೇಶಕರು ಹಾಳೆಗಳನ್ನು ಕೈಗೆತ್ತಿಕೊಂಡು ಒಂದೊಂದಾಗಿ ಸರಿಸಿ ನೋಡಿದರು. "ಯಾರೂ ತಿದ್ದಬೇಡ್ರಿ ಇದನ್ನ. ಹೆಣದ ಉಡುಪು ತಾನೇ ಉಟ್ಕೊಂಡು ಬಂದಿದಾನೆ ಹುಡುಗ. ಅಣ್ಣನ್ನ ಕೊಲ್ಲೋಕಲ್ಲ ಕಣ್ರೀ, ಅಣ್ಣನ ಕೈಲಿ ಸಾಯೋಕೆ. ಕುನಿಹಿಕೊ, ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?" ಎಂದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ತಲೆ ಬಾಗಿಸಿದೆ. ಹಯಾಮಿ ಒಬ್ಬಳು ತಟ್ಟಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

ಅಪ್ಪ ಹೋದ ದಿನ ನೆನಪಾಯಿತು. ಅಮ್ಮ ಅವನಿಗೆ ಬಿಳಿ ನಿಲುವಂಗಿ ಉಡಿಸುತ್ತಿದ್ದಳು. ಆರು ವರ್ಷದ ನೀನು ಅವಳ ಕೈ ಹಿಡಿದು, "ಅಮ್ಮಾ, ತಪ್ಪಾಗಿ ಉಡಿಸ್ತಿದೀಯ, ಬಲಗಡೇದು ಮೇಲ್ ಬಂತು," ಎಂದೆ. "ಹೋದೋರಿಗೆ ಹಾಗೇ ಕಣೋ ಮಗಾ," ಎಂದಳು ಅಮ್ಮ. ನೀನು ಅದನ್ನು ಮರೆಯಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಇದೇ ದೃಶ್ಯದಲ್ಲಿ ನೀನು ಇಬುಕಿಗೆ ಹಾಗೆಯೇ ಉಡಿಸಿದ್ದೆ. ಇಡೀ ಕೋಣೆಯೆದುರು ನಾನು, "ಹೆಣಕ್ಕೂ ಬದುಕಿರೋನಿಗೂ ವ್ಯತ್ಯಾಸ ತಿಳೀದೋನು ಪೆನ್ಸಿಲ್ ಮುಟ್ಟಬಾರ್ದು," ಎಂದು ಕೂಗಾಡಿದೆ.

"ಅಣ್ಣಾ, ಬೇಕಂತಾನೇ ಬರ್ದಿದೀನಿ. ನಿರ್ದೇಶಕರಿಗೆ ಒಂದ್ಸಲ ತೋರ್ಸು, ಅವ್ರು ಬೇಡ ಅಂದ್ರೆ ಬಿಟ್ಬಿಡ್ತೀನಿ," ಎಂದೆ ನೀನು. ಮರುದಿನ ನಾನು ಬಂದು ಅವರು ಬೇಡ ಅಂದರು ಎಂದೆ. ಆ ವಾರವೇ ನೀನು ಪೆನ್ಸಿಲ್ ಡಬ್ಬಿ ಮುಚ್ಚಿ ಊರಿಗೆ ಹೋದೆ, ತೋಟ ಹಿಡಿದೆ.

ಜನವರಿ ಇಪ್ಪತ್ತಕ್ಕೆ ನಮ್ಮವರಿಗಷ್ಟೇ ಮೊದಲ ಪ್ರದರ್ಶನ. ಬರುತ್ತೀಯಾ? ರೈಲು ನಿಲ್ದಾಣಕ್ಕೆ ನಾನೇ ಬರುತ್ತೇನೆ. ಚಿನಾತ್ಸು ಚಿತ್ರ ಬರೆಯುತ್ತಾಳೆಂದು ಯೊಶಿನೊ ತವರಿನವರಿಂದ ಕೇಳಿದೆ. ಬರೆಯಲಿ, ಯಾರೂ ತಿದ್ದುವುದು ಬೇಡ. ಅವಳಿಗೂ ಯೊಶಿನೊಗೂ ನನ್ನ ಆಶೀರ್ವಾದ. ಏಣಿ ಹತ್ತುವಾಗ ಸೊಂಟ ಜೋಪಾನ, ನಿನಗೂ ವಯಸ್ಸಾಯಿತು.

ನಿನ್ನ ಅಣ್ಣ,
ಕುನಿಹಿಕೊ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಂದು ನಿರ್ದೇಶಕರು ಬೇಡ ಅನ್ನಲಿಲ್ಲ. ನಾನು ಅವರಿಗೆ ತೋರಿಸಲೇ ಇಲ್ಲ. ಬೇಕೆಂದೇ ಬರೆದದ್ದೆಂದು ನೋಡಿದ ಕೂಡಲೇ ಗೊತ್ತಾಗಿತ್ತು, ನನ್ನ ಕೈಯಲ್ಲಿ ಅಂಥದ್ದು ಎಂದೂ ಬಾರದೆಂದೂ ಗೊತ್ತಾಗಿತ್ತು. ನಿನ್ನ ನಲವತ್ತು ಹಾಳೆಗಳನ್ನು ಇಷ್ಟು ವರ್ಷ ನನ್ನ ಮೇಜಿನ ಕೆಳಖಾನೆಯಲ್ಲಿಟ್ಟಿದ್ದೆ. ಈ ಸಲ ಆ ದೃಶ್ಯ ನನ್ನ ಕೈಯಲ್ಲಿ ಮೂಡದಿದ್ದಾಗ ಅವನ್ನು ಹೊರತೆಗೆದು, ಮೇಲೆ ಹಾಳೆಯಿಟ್ಟು ಗೆರೆಗೆ ಗೆರೆ ನಕಲು ಮಾಡಿದೆ. ಅವರು ಚಪ್ಪಾಳೆ ತಟ್ಟಿದ್ದು ನಿನಗೆ. ತೆರೆಯ ಮೇಲಿನ ಹೆಸರುಗಳ ಪಟ್ಟಿ ನಾಳೆ ಮುಚ್ಚುತ್ತದೆ, ಅದರಲ್ಲಿ ಆ ದೃಶ್ಯಕ್ಕೆ ಇನ್ನೂ ನನ್ನ ಹೆಸರೇ ಇದೆ. ಮೊದಲು ಈ ಪತ್ರವನ್ನು ಅಂಚೆಗೆ ಹಾಕಿ, ಆಮೇಲೆ ನಿನ್ನ ಹಾಳೆಗಳನ್ನು ಹಿಡಿದು ನಿರ್ದೇಶಕರ ಕೋಣೆಗೆ ಹೋಗುತ್ತೇನೆ. ಪತ್ರ ಹಾಕದೆ ಹೋದರೆ ಅವರ ಬಾಗಿಲ ತನಕ ಹೋಗಿ ವಾಪಸು ಬರುತ್ತೇನೆ. ನಿನ್ನ ಅಣ್ಣನನ್ನು ನೀನು ಬಲ್ಲೆ.