ಸೀಮೆಸುಣ್ಣದ ಮೂರು ಗೀಟು

ಡಿಸೆಂಬರ್ ೧೨

ಪ್ರೀತಿಯ ಸೀಮೆಸುಣ್ಣ,

ನಾನಿಲ್ಲಿ ಚೆನ್ನಾಗಿದ್ದೇನೆ, ಕಣ್ಣೆರಡು ಬಿಟ್ಟು; ಅವು ಬೆಸುಗೆಯ ಬೆಳಕಿಗೆ ಎಂದಿನಂತೆ ಕೆಂಪಗಿವೆ. ನೀನೂ ನಿನ್ನ ತಂಗಿಯ ಮನೆಯವರೂ ಚೆನ್ನಾಗಿದ್ದೀರಿ ಎಂದುಕೊಳ್ಳುತ್ತೇನೆ. ನೀನು ವರ್ಕ್‌ಶಾಪ್ ಬಿಟ್ಟು ಅವಳ ಊರಿಗೆ ಹೋಗಿ ಹನ್ನೆರಡು ದಿನವಾಯಿತು. ಮೊದಲ ವಾರ ಕೋಪಕ್ಕೆ ಬರೆಯಲಿಲ್ಲ, ಆಮೇಲೆ ನಾಚಿಕೆಗೆ ಬರೆಯಲಿಲ್ಲ. ತಡವಾಯಿತೆಂದು ಬೈಯಬೇಡ. ಫೋನಂತೂ ನೀನು ಎತ್ತುವುದಿಲ್ಲ. ನನ್ನ ನಂಬರು ಕಂಡರೆ ನಿನಗೆ ಕಿವಿ ಕೇಳಿಸುವುದಿಲ್ಲವೇನೋ.

ಆ ದಿನ ನಾನು ಆಡಿದ್ದು ತಪ್ಪು. ಗೇಟು ಮಾಡಿಸಲು ಬಂದ ಗಿರಾಕಿಗಳ ಮುಂದೆ, "ನಿನ್ನ ಸೀಮೆಸುಣ್ಣದ ಗುರುತು ಹಾಕೋದು ಮುಗಿಯೋ ಹೊತ್ತಿಗೆ ಕಬ್ಬಿಣಕ್ಕೆ ತುಕ್ಕು ಹಿಡಿದಿರುತ್ತೆ, ಹೋಗಿ ಸ್ಕೂಲಲ್ಲಿ ಮೇಷ್ಟ್ರಾಗು" ಎಂದೆ. ನಾಲ್ಕು ಜನ ನಕ್ಕರು. ನಗಲಿ ಎಂದೇ ಹೇಳಿದ್ದೆ. ನೀನು ಕೈಗವಸು ಬಿಚ್ಚಿ ಬೆಂಚಿನ ಮೇಲಿಟ್ಟು, ತಿರುಗಿ ನೋಡದೆ ಹೋದೆ. ಇಪ್ಪತ್ತೆರಡು ವರ್ಷ ಒಂದೇ ತಗಡಿನ ಸೂರಿನ ಕೆಳಗೆ ಕೆಲಸ ಮಾಡಿದವರು ಹೀಗೆ ಬೇರೆಯಾಗುವುದು ಚೆನ್ನಾಗಿಲ್ಲ. ನಿನ್ನ ಕೈಗವಸು ಅಲ್ಲೇ ಇದೆ, ಯಾರಿಗೂ ಮುಟ್ಟಲು ಬಿಟ್ಟಿಲ್ಲ.

ಇನ್ನು ಮನೆಯ ಸುದ್ದಿ. ವರ್ಷದ ಕೊನೆಯ ರಜೆಯ ಊಟ ಈ ಸಲವೂ ಅಣ್ಣನ ಮನೆಯಲ್ಲೇ, ಇಪ್ಪತ್ತೆಂಟನೆಯ ತಾರೀಕು ಭಾನುವಾರ ಮಧ್ಯಾಹ್ನ. ಅಣ್ಣ ಬಸ್ ಓಡಿಸುವುದರಿಂದ ನಿವೃತ್ತನಾದ ಮೇಲೆ ಕಟ್ಟಿಸಿದ ಮಹಡಿಯಲ್ಲಿ ಮೊದಲ ಸಲ ಎಲ್ಲರೂ ಸೇರುತ್ತಿದ್ದೇವೆ. ಅತ್ತಿಗೆ ಈಗಲೇ ಪಟ್ಟಿ ಹಾಕುತ್ತಿದ್ದಾರೆ, ಯಾರಿಗೆ ಎಲ್ಲಿ ಹಾಸಿಗೆ, ಯಾರಿಗೆ ಸಕ್ಕರೆ ಇಲ್ಲದ ಟೀ ಎಂದು. ಪಟ್ಟಿಯಲ್ಲಿ ನಿನ್ನ ಹೆಸರು ಮೊದಲು, ನನ್ನದು ಏಳನೆಯದು. ನಾನು ಆಕ್ಷೇಪಣೆ ಎತ್ತಿದ್ದಕ್ಕೆ, "ಅವನು ಬಂದ್ರೆ ಪಾತ್ರೆ ತೊಳೀತಾನೆ, ನೀನು ಬಂದ್ರೆ ಪಾತ್ರೆ ಖಾಲಿ ಮಾಡ್ತೀಯ" ಎಂದರು. ನಮ್ಮಿಬ್ಬರ ಜಗಳ ಅವರಿಗೆ ಗೊತ್ತಿಲ್ಲ. ಹೇಳುವ ಧೈರ್ಯ ನನಗಾಗಲಿಲ್ಲ. ನೀನು ಬಂದೇ ಬರುತ್ತೀ ಎಂದಿದ್ದೇನೆ.

ಕೆಲಸದ ಒಂದು ಮಾತು. ಅಣ್ಣನ ಮಹಡಿಗೆ ನಾವು ಮಾಡಿದ ಬಾಲ್ಕನಿಯ ರೈಲಿಂಗಿಗೆ ಬಣ್ಣವಾಯಿತು. ನಮ್ಮ ವರ್ಕ್‌ಶಾಪಿನ ಪದ್ಧತಿ ಮಾಡಿದವನು ನೀನೇ: ಎರಡು ಹನಿ ಬೆಸುಗೆ ಬಿಟ್ಟು ತಾತ್ಕಾಲಿಕವಾಗಿ ಹಿಡಿಸಿಟ್ಟ ಕಡೆಯಲ್ಲೆಲ್ಲ ಸೀಮೆಸುಣ್ಣದ ಅಡ್ಡಗೀಟು, ಪೂರ್ತಿ ಬೆಸುಗೆ ಹಾಕಿದವನೇ ಅದನ್ನು ಒರೆಸಬೇಕು, ಗೀಟು ಇರುವಷ್ಟು ದಿನ ಪೇಂಟರ್ ಬ್ರಷ್ ತಾಗಿಸಬಾರದು. ನೀನು ಹೋಗುವ ಹಿಂದಿನ ದಿನದವರೆಗೂ ಅಲ್ಲಿ ಕೆಲಸ ಮಾಡುತ್ತಿದ್ದೆ. ಪೇಂಟರ್ ಬಂದಾಗ ಎಲ್ಲೂ ಗೀಟು ಇರಲಿಲ್ಲವಂತೆ. ಅಂದಮೇಲೆ ಎಲ್ಲ ಮುಗಿಸಿಯೇ ಒರೆಸಿದ್ದೀ, ಅಲ್ಲವೇ? ಹೌದೋ ಇಲ್ಲವೋ ಒಂದು ಸಾಲು ಬರೆದು ಹಾಕು, ಸಾಕು.

ಇಂತಿ ನಿನ್ನ,
ಕೆಂಗಣ್ಣ

ಡಿಸೆಂಬರ್ ೨೧

ಪ್ರೀತಿಯ ಸೀಮೆಸುಣ್ಣ,

ಉತ್ತರವಿಲ್ಲ. ರಜೆಯ ದಿನಗಳಲ್ಲಿ ಅಂಚೆ ತಡವಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೀನು ಕ್ಷೇಮವಾಗಿದ್ದರೆ ಅಷ್ಟೇ ಸಾಕು.

ನಿನ್ನೆ ಅಣ್ಣನ ಮನೆಗೆ ಹೋಗಿದ್ದೆ. ಅಣ್ಣನ ಮಗಳು ರೈಲಿಂಗಿನ ಉದ್ದಕ್ಕೂ ಬಣ್ಣದ ಬಲ್ಬಿನ ಸರ ಸುತ್ತುತ್ತಿದ್ದಳು. ಪ್ರತಿ ವರ್ಷ ಅದು ನಿನ್ನ ಕೆಲಸವಲ್ಲವೇ, ಅವಳಿಗೆ ಗಂಟು ಹಾಕಲು ಬರುವುದಿಲ್ಲ. ಅಣ್ಣ ಕುರ್ಚಿ ಹಾಕಿಕೊಂಡು ಕೂತು ರೈಲಿಂಗಿನ ಮೇಲಂಚಿನ ಕೈಪಟ್ಟಿಯನ್ನು ಸವರುತ್ತಿದ್ದ. "ಗಾಜಿನ ಥರ ಇದೆ ಕಣೋ" ಎಂದ. ಅವನು ಅಷ್ಟು ಸಂತೋಷವಾಗಿದ್ದದ್ದನ್ನು ಬಹಳ ವರ್ಷಗಳಿಂದ ನೋಡಿರಲಿಲ್ಲ.

ಅವನು ಒಳಗೆ ಹೋದಾಗ ಬೀದಿಯ ಕಡೆಯ ಮೂಲೆಯನ್ನು ಅಲ್ಲಾಡಿಸಿ ನೋಡಿದೆ. ಗಟ್ಟಿಯಾಗಿದೆ. ಕಂಬವೂ ಕೈಪಟ್ಟಿಯೂ ಸೇರುವಲ್ಲಿ ಬಣ್ಣ ಕೂದಲೆಳೆಯಷ್ಟು ಬಿರಿದಿತ್ತು. ಒಣಗಿದಾಗ ಬಣ್ಣ ಬಿರಿಯುತ್ತದೆ, ಅದೇನೂ ಹೊಸದಲ್ಲ. ಕಬ್ಬಿಣ ಉಜ್ಜುವ ಗ್ರೈಂಡರ್ ಚೀಲದಲ್ಲೇ ಇತ್ತು. ಬಣ್ಣ ಕೆರೆದು ನೋಡೋಣವೇ ಎಂದು ತೆಗೆದೆ. ಅಷ್ಟರಲ್ಲಿ ಅಣ್ಣ ಟೀ ತಂದ. ಗ್ರೈಂಡರ್ ವಾಪಸ್ ಚೀಲಕ್ಕೆ ಹೋಯಿತು. ನಿನ್ನ ಎರಡು ಹನಿಯೇ ಬೇರೆಯವರ ಪೂರ್ತಿ ಬೆಸುಗೆಗಿಂತ ಗಟ್ಟಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ಆದರೂ ನಿನ್ನೆಯಿಂದ ಊಟ ಸೇರುತ್ತಿಲ್ಲ. ನನ್ನ ಹೆಂಡತಿ ಹೊಟ್ಟೆ ಕೆಟ್ಟಿದೆ ಎಂದುಕೊಂಡು ಬರೀ ಗಂಜಿ ಕೊಡುತ್ತಿದ್ದಾಳೆ.

ಭಾನುವಾರ ಬಾ. ಜಗಳವಾಡಬೇಕೆಂದರೂ ಬಾ. ಸ್ವಲ್ಪ ಮುಂಚೆ ಬಂದರೆ ಇಬ್ಬರೂ ಸೇರಿ ಒಮ್ಮೆ ನೋಡಿಬಿಡಬಹುದು. ನೀನು ಸ್ಕೂಟರಿನಲ್ಲೇ ಬರುತ್ತೀಯೆಂದು ಅತ್ತಿಗೆಗೆ ಹೇಳಿದ್ದೇನೆ. ಆ ಒಡಕು ಸೈಲೆನ್ಸರಿನ ಸದ್ದು ಬೀದಿಯ ತುದಿಯಲ್ಲಿ ಕೇಳಿದ ಕೂಡಲೇ ಎರಡನೆಯ ಸುತ್ತಿನ ಟೀ ಇಡುತ್ತಾರಂತೆ.

ಇಂತಿ ನಿನ್ನ,
ಕೆಂಗಣ್ಣ

ಜನವರಿ ೪

ಪ್ರೀತಿಯ ಸೀಮೆಸುಣ್ಣ,

ಹೊಸ ವರ್ಷ ಬಂದು ನಾಲ್ಕು ದಿನವಾಯಿತು, ಈಗ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕಾರಣ ಓದಿದ ಮೇಲೆ ನಿನಗೇ ತಿಳಿಯುತ್ತದೆ. ಮೊನ್ನೆ ನಿನ್ನ ತಂಗಿಗೆ ಫೋನ್ ಮಾಡಿದ್ದೆ. "ನಮ್ಮಣ್ಣ ನಿಮ್ಮ ಎರಡೂ ಕಾಗದ ಒಡೆದೇ ಇಲ್ಲ, ರೇಡಿಯೋ ಹಿಂದೆ ಇಟ್ಟಿದ್ದಾನೆ" ಎಂದಳು. ಅವಳಿಗೆ ವಿಷಯ ಹೇಳದೆ ಹವಾಮಾನ ಕೇಳಿ ಫೋನ್ ಇಟ್ಟೆ. ಈ ಕವರಿನ ಮೇಲೆ ಅಣ್ಣನ ಮಗಳ ಕೈಯಲ್ಲಿ ವಿಳಾಸ ಬರೆಸಿದ್ದೇನೆ, ಅವಳದೆಂದಾದರೂ ಒಡೆಯುತ್ತೀ ಎಂದು. ಒಡೆದಿದ್ದರೆ ಆ ಎರಡನ್ನೂ ತೆಗೆದು ಮೊದಲು ಓದು.

ಅತ್ತಿಗೆ ಬಾಲ್ಕನಿಯಿಂದ ಬಿದ್ದರು. ಬದುಕಿದ್ದಾರೆ.

ಭಾನುವಾರ ಹನ್ನೊಂದಕ್ಕೆಲ್ಲ ಮನೆ ತುಂಬಿತ್ತು. ಅಣ್ಣನ ಡಿಪೋದವರು ಮೂವರು, ಪಕ್ಕದ ಮನೆಯ ಟೈಲರ್ ದಂಪತಿ, ನಮ್ಮ ಪೇಂಟರ್, ನಮ್ಮವರೆಲ್ಲ. ಎಲ್ಲರಿಗೂ ಹೊಸ ಬಾಲ್ಕನಿಯೇ ಬೇಕು. ನಾನು ಹೋದ ಕೂಡಲೇ ತಟ್ಟೆಗಳ ಮೇಜನ್ನು ಎಳೆದು ಬೀದಿಯ ಕಡೆಯ ಮೂಲೆಗೆ ಅಡ್ಡ ಇಟ್ಟೆ, ಯಾರೂ ಅಲ್ಲಿ ಒರಗದ ಹಾಗೆ. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. "ಏನಪ್ಪಾ, ತಟ್ಟೆ ಕಾಯೋ ಡ್ಯೂಟಿನಾ?" ಎಂದು ಟೈಲರ್ ರೇಗಿಸಿದ. "ಊಟಕ್ಕೆ ಮೊದಲ ಸಾಲು ಹಿಡಿದಿದ್ದಾನೆ" ಎಂದ ಅಣ್ಣ. ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾರಾದರೂ ಕೈಪಟ್ಟಿ ಮುಟ್ಟಿದರೆ ಕುರ್ಚಿಯಿಂದ ಅರ್ಧ ಏಳುತ್ತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು, "ಈ ಮೂಲೆ ಬೇಡ, ಇನ್ನೂ ನೋಡಬೇಕು" ಎಂದು. ಆ ಮಾತು ಬಾಯಿಯವರೆಗೆ ಬಂದು ಬಂದು ಹಿಂದಕ್ಕೆ ಹೋಯಿತು. ಅಣ್ಣ ಬಂದವರಿಗೆಲ್ಲ ರೈಲಿಂಗ್ ತೋರಿಸಿ, "ನಮ್ಮ ಹುಡುಗರು ಮಾಡಿದ್ದು" ಎನ್ನುತ್ತಿದ್ದ.

ಹನ್ನೆರಡೂವರೆಗೆ ನನ್ನ ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಕುಕ್ಕರಿನ ಮುಚ್ಚಳ ಸಿಕ್ಕಿಕೊಂಡಿತ್ತು. ಎರಡು ನಿಮಿಷದ ಕೆಲಸ. ನಾನು ಎದ್ದು ಹೋದೆ. ಅಷ್ಟರಲ್ಲಿ ಅಣ್ಣನ ಮಗಳು ಎಲ್ಲರದೂ ಫೋಟೋ ತೆಗೆಯಬೇಕೆಂದು ಮೇಜನ್ನು ಪಕ್ಕಕ್ಕೆ ಸರಿಸಿದ್ದಾಳೆ. ಅತ್ತಿಗೆ ಮಾತ್ರ ಫೋಟೋಗೆ ನಿಲ್ಲಲಿಲ್ಲವಂತೆ. "ಅವನೊಬ್ಬ ಬರಲಿ, ತಡೀರಿ" ಎಂದರಂತೆ. ಮುಚ್ಚಳ ತಿರುಗಿಸುತ್ತಿದ್ದಾಗ ಬೀದಿಯಲ್ಲಿ ಒಡಕು ಸೈಲೆನ್ಸರಿನ ಸದ್ದು ನನಗೂ ಕೇಳಿತು. ಒಂದು ಕ್ಷಣ ಜೀವ ಬಂದಂತಾಯಿತು, ನೀನು ಬಂದೆ, ಇನ್ನು ನೀನು ನೋಡಿಕೊಳ್ಳುತ್ತೀ ಎಂದು. ಅದು ಹಾಲಿನವನ ಗಾಡಿ. "ಬಂದ ನೋಡಿ" ಎಂದು ಅತ್ತಿಗೆ ಬೀದಿಯ ಕಡೆಯ ಮೂಲೆಯಿಂದ ಹೇಳಿದ್ದು ಕೇಳಿಸಿತು. ನಾನು ಮುಚ್ಚಳ ಬಿಟ್ಟು ಓಡಿದೆ. ಬೀದಿಯ ಕಡೆಯ ಕೈಪಟ್ಟಿ ನಾವು ಮಾಡುವ ಗೇಟಿನ ಹಾಗೆಯೇ ಹೊರಗೆ ತೆರೆದುಕೊಂಡಿತ್ತು. ಬಲ್ಬಿನ ಸರ ಉರಿಯುತ್ತಲೇ ಕೆಳಗೆ ಜೋತಾಡುತ್ತಿತ್ತು. ಅತ್ತಿಗೆ ಅಂಗಳದ ಕಲ್ಲಿನ ಮೇಲಿದ್ದರು.

ಸೊಂಟದ ಮೇಲೆ ಬೆನ್ನುಮೂಳೆ ಮುರಿದಿದೆ. ಕಾಲಿಗೆ ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಇನ್ನು ನಡೆಯುವುದನ್ನು ಮರೆತುಬಿಡಿ ಎಂದು ದೊಡ್ಡ ಡಾಕ್ಟರು ಅಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದರು. ಅತ್ತಿಗೆಗೆ ಇನ್ನೂ ಹೇಳಿಲ್ಲ. ಅವರೇ ಕಂಡುಕೊಂಡಿದ್ದಾರೆ ಅನಿಸುತ್ತದೆ, ಕಾಲಿನ ವಿಚಾರ ಯಾರನ್ನೂ ಕೇಳುವುದಿಲ್ಲ. ವಾರ್ಡಿನ ಬಾಗಿಲು ತೆರೆದಾಗಲೆಲ್ಲ ನೀನು ಬಂದೆಯಾ ಎಂದು ನೋಡುತ್ತಾರೆ. ನಮ್ಮಿಬ್ಬರಿಗೂ ಇಪ್ಪತ್ತೆರಡು ವರ್ಷ ಬುತ್ತಿ ಕಟ್ಟಿ ಕಳಿಸಿದವರಿಗೆ ಈಗ ಮಗಳು ಲೋಟ ಹಿಡಿದು ನೀರು ಕುಡಿಸುತ್ತಾಳೆ.

ಮೂರನೆಯ ದಿನ ವಿಚಾರಣೆಗೆ ಒಬ್ಬ ಪೊಲೀಸ್ ಅಧಿಕಾರಿ ಬಂದರು. ಮುರಿದ ಕಡೆ ತೋರಿಸಿ, "ಮೂರೂ ಜೋಡಣೆಗೆ ಬರೀ ಎರಡೆರಡು ಹನಿ ಬೆಸುಗೆ, ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾರೆ. ಯಾರು ಮಾಡಿದ್ದು?" ಎಂದರು. ಅಣ್ಣ ನಿನ್ನ ಹೆಸರು ಹೇಳಿದ. ನನ್ನನ್ನು ಕೇಳಿದರು, ಹೌದು ಎಂದೆ. ಅಲ್ಲಿ ಕೆಲಸ ಮಾಡಿದವನು ನೀನು, ಅದು ಸುಳ್ಳಲ್ಲ. ಗುರುತಿನ ಪದ್ಧತಿಯನ್ನೂ ಪೇಂಟರ್ ಹೇಳಿದ, ಗೀಟು ಇರಲಿಲ್ಲ ಎಂಬುದನ್ನೂ ಹೇಳಿದ. ಹಾಗೆಂದು ಬರೆದ ಕಾಗದಕ್ಕೆ ನಾನು ಸಹಿ ಹಾಕಿದೆ. ಈ ವಾರದಲ್ಲಿ ನಿನ್ನ ತಂಗಿಯ ಮನೆಗೆ ಬರುತ್ತಾರೆ, ಸಿದ್ಧವಾಗಿರು.

ಅತ್ತಿಗೆಗೂ ವಿಷಯ ತಿಳಿದಿದೆ. ಎಲ್ಲರನ್ನೂ ಮಂಚದ ಸುತ್ತ ನಿಲ್ಲಿಸಿಕೊಂಡು, "ಅವನನ್ನ ಯಾರೂ ಒಂದು ಮಾತು ಅನ್ನಬಾರದು. ಕೈ ತಪ್ಪಿರುತ್ತೆ. ನಾನು ಕ್ಷಮಿಸಿದೀನಿ, ನೀವೂ ಕ್ಷಮಿಸಿ" ಎಂದರು. ಅಣ್ಣ ಹೊರಗೆ ಹೋದ. ಅವನು ಕ್ಷಮಿಸುವುದಿಲ್ಲ. ಅತ್ತಿಗೆಯ ಪಟ್ಟಿಯಲ್ಲಿದ್ದ ನಿನ್ನ ಹೆಸರನ್ನು ಪೆನ್ನು ಒತ್ತಿ ಒತ್ತಿ ಹೊಡೆದುಹಾಕಿದ್ದಾನೆ.

ನಿನ್ನ ಆರೋಗ್ಯ ನೋಡಿಕೋ. ತಂಗಿಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದ. ಈ ವರ್ಷ ನಿನಗೆ ಯಾವ ಕೆಡುಕನ್ನೂ ತರದಿರಲಿ ಎಂದು ಮನಸಾರೆ ಬೇಡಿಕೊಳ್ಳುತ್ತೇನೆ.

ಇಂತಿ ನಿನ್ನ,
ಕೆಂಗಣ್ಣ

ತಾ.ಕ. ಮೇಲಿನದನ್ನು ಬೆಳಿಗ್ಗೆ ಬರೆದು ಕವರಿಗೆ ಹಾಕಿದ್ದೆ. ಅಂಟಿಸಲಾಗಲಿಲ್ಲ.

ಗೀಟು ಒರೆಸಿದ್ದು ನಾನು. ನೀನು ಹೋದ ಮರುದಿನ ಬಾಲ್ಕನಿಗೆ ಹೋದಾಗ ಬೀದಿಯ ಕಡೆ ಮೂರು ಅಡ್ಡಗೀಟು ಕಂಡವು. ಯಾವುದಕ್ಕೆ ಎಲ್ಲರ ಮುಂದೆ ನಿನ್ನನ್ನು ನಗೆಪಾಟಲು ಮಾಡಿದ್ದೆನೋ ಅದೇ ಗೀಟು. ಇವನಿಲ್ಲದಿದ್ದರೆ ನನಗೆ ಕೆಲಸ ಬರುವುದಿಲ್ಲವೇ ಎಂದು ಮೈಯೆಲ್ಲ ಉರಿಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಮೆಷಿನ್ ತಂದು ನಾನೇ ಬೆಸುಗೆ ಹಾಕುವವನಿದ್ದೆ. ಅಂದು ಗೇಟಿನವರು ಬಂದರು, ಮರುದಿನ ಒಂದು ಅಂಗಡಿಯ ಶಟರ್ ಸಿಕ್ಕಿಕೊಂಡಿತು. ಅದರ ಮಾರನೆಯ ದಿನ ಹೋದರೆ ಪೇಂಟರ್ ಎರಡನೆಯ ಕೋಟ್ ಹೊಡೆಯುತ್ತಿದ್ದ.

ಮೊದಲ ಪತ್ರ ಬರೆದಾಗ ಇದೆಲ್ಲ ನನಗೆ ಗೊತ್ತಿತ್ತು. "ಇಲ್ಲ, ಮುಗಿಸಿಲ್ಲ" ಎಂದು ನೀನು ಒಂದು ಸಾಲು ಬರೆದರೆ ಅಣ್ಣನಿಗೆ ತೋರಿಸಿ, ಅರ್ಧಕ್ಕೆ ಬಿಟ್ಟು ಹೋದವನು ನೀನೆಂದು ಹೇಳಿ, ಸರಿಮಾಡಿದವನು ನಾನೆಂದು ಅನ್ನಿಸಿಕೊಳ್ಳಬೇಕೆಂದಿದ್ದೆ. ಆ ಒಂದು ಸಾಲಿಗಾಗಿ ಹದಿನಾರು ದಿನ ಕಾದೆ.

ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೇಳಿದೆ. "ಅತ್ತಿಗೆ, ಅದು ಅವನಲ್ಲ. ನಾನು." ಅವರು ನನ್ನ ಕೈ ಹಿಡಿದುಕೊಂಡರು. "ನೀನು ಹೀಗೇ ಹೇಳ್ತೀಯ ಅಂತ ಗೊತ್ತಿತ್ತು ಕಣಪ್ಪ. ಅವನ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೋಬೇಡ" ಎಂದರು. ಸಂಜೆ ಅಣ್ಣ ಮನೆಯವರೊಂದಿಗೆ ಬಂದಾಗ ಅವನಿಗೂ ಹೇಳಿದರು, ನೋಡಿ ಇವನು ಗೆಳೆಯನಿಗಾಗಿ ಜೈಲಿಗೂ ಹೋಗೋಕೆ ತಯಾರಿದಾನೆ ಎಂದು. ಅಣ್ಣ ಎಲ್ಲರೆದುರು ನನ್ನನ್ನು ತಬ್ಬಿಕೊಂಡು ಅತ್ತ. ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ. ಅವನ ಬೆನ್ನು ಸವರುತ್ತಾ ನಿಂತಿದ್ದೆ.