ಹರಿಹರದ ಅಂಗಡಿಯಲ್ಲಿ ಯಾರೋ ಇದ್ದಾರೆ

8 ಜುಲೈ 2025, ಮಂಗಳವಾರ

ಅಂತೂ ಕ್ಯಾಮೆರಾ ಯಾವುದೆಂದು ತೀರ್ಮಾನವಾಯಿತು. ಪಿ.ಜೆ. ಬಡಾವಣೆ, ಎಂ.ಸಿ.ಸಿ., ಹರಿಹರ, ನಮ್ಮ ಮೂರೂ ಪಾತ್ರೆ ಅಂಗಡಿಗೆ ಒಂದೇ ಥರದ್ದು. ನೆಟ್ ಹೋದರೂ ತನ್ನೊಳಗಿನ ಕಾರ್ಡಿನಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತದೆ, ಮನುಷ್ಯರು ಕಂಡರೆ ಫೋನಿಗೆ ತಿಳಿಸುತ್ತದೆ.

ಪರೀಕ್ಷೆಗೆಂದು ಮೊದಲು ಹಾಕಿಸಿದ್ದು ಹರಿಹರದಲ್ಲಿ. ಬೀಗ ಹಾಕಿದ ಅಂಗಡಿಯಿಂದ ವಾರವಿಡೀ ಅದೇ ಮೆಸೇಜು, 'ಒಳಗೆ ಯಾರೋ ಇದ್ದಾರೆ.'

ಇವತ್ತು ಕ್ಯಾಮೆರಾ ಹಾಕಿಕೊಟ್ಟ ಅರ್ಬಾಜ್ ಕಾರ್ಡ್ ತೆಗೆದು ನೋಡಿದ.

"ಅಕ್ಕಾರೆ, ಕಾರ್ಡ್ ತುಂಬಾ ಅಣ್ಣಾರೇ ಅದಾರೆ."

ಗಲ್ಲಾದ ಮೇಲೆ ಹೋದವರ್ಷ ನಾನೇ ಹಾರ ಹಾಕಿ ತೂಗುಹಾಕಿದ ನಮ್ಮ ಯಜಮಾನರ ಫೋಟೋ. ಅದರ ಮುಂದೆ ಹಗಲು ರಾತ್ರಿ ಉರಿಯಲೆಂದು ಇಟ್ಟ ಕರೆಂಟ್ ದೀಪ ಮಿಣುಕಿದಾಗಲೆಲ್ಲ ಇವರ ಮುಖದ ಸುತ್ತ, ಮನುಷ್ಯರೆಂದು ಕ್ಯಾಮೆರಾ ಗುರುತು ಹಾಕಿದ ಹಸಿರು ಚೌಕ.

"ಬಾಗ್ಲು ಹಾಕೋವಾಗ ದೀಪ ಬಂದ್ ಮಾಡ್ರಿ ಸಾಕು. ಮೆಸೇಜ್ ನಿಲ್ತಾವೆ."

ಸಂಜೆ ಬಂದ್ ಮಾಡಿಯೇ ಬಂದೆ.

ಫೋನು ತಲೆದಿಂಬಿನ ಮೇಲಿದೆ. ಒಂದೂ ಸದ್ದಿಲ್ಲ. ಇವರಿಗೆ ಕತ್ತಲೆಂದರೆ ಆಗುತ್ತಿರಲಿಲ್ಲ. ಕರೆಂಟು ಹೋದರೆ ಸಾಕು, ಎಲ್ಲಿದ್ದರೂ ಮೊದಲು ನನ್ನನ್ನೇ ಕೂಗುತ್ತಿದ್ದರು.